ಫಾರ್ಮ್ಯಾಟ್ ಹೊಡೆಯುವ ಮುನ್ನ

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. 'ಆನ್ ಆಗ್ತದೆ, ಆದ್ರೆ ಒಳಗೆ ಹೋಗ್ತಾ ಇಲ್ಲ ಮಾರಾಯ್ರೆ.' ಪ್ಲಾಸ್ಟಿಕ್ ಹಾಳೆ ಸುತ್ತಿ ಜೀಪಿನಲ್ಲೋ ಬಸ್ಸಿನಲ್ಲೋ ತಂದ ಸಿಪಿಯು ಮೇಜಿನ ಮೇಲೆ ಕೂತಿರುತ್ತದೆ. ಪರದೆಯ ಮೇಲೆ ಕಂಪನಿಯ ಗುರುತು ಬರುತ್ತದೆ, ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಒಂದು ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಎರಡು ನಿಮಿಷ ನೋಡಿ ಅಂಗಡಿಯವರು ಹೇಳುವುದೂ ಬಹುಮಟ್ಟಿಗೆ ಒಂದೇ: 'ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಹೊಡೀಬೇಕು.'

ಸಂಜೆಯೊಳಗೆ ಯಂತ್ರ ಸರಿಯಾಗಿ ಕೈಗೆ ಬರುತ್ತದೆ. ಫೋಟೊಗಳನ್ನೂ ಕಾಗದಪತ್ರಗಳನ್ನೂ ಉಳಿಸಿಕೊಟ್ಟಿದ್ದಾರೆ ಎಂಬ ಸಮಾಧಾನವೂ ಇರುತ್ತದೆ. ಕಳೆದುಕೊಂಡದ್ದು ಏನೆಂದು ಗೊತ್ತಾಗುವುದು ಮನೆಯಲ್ಲಿ ಕೆಲಸಕ್ಕೆ ಕೂತ ಮೇಲೆ. ಪ್ರಿಂಟರ್ ಮಾತು ಕೇಳುವುದಿಲ್ಲ. ವೈಫೈ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಕನ್ನಡ ಕೀಲಿಮಣೆ ಇಲ್ಲ. ಗ್ರಾಮ ಒನ್ ಕೇಂದ್ರವಾದರೆ ಬೆರಳಚ್ಚು ಯಂತ್ರದ ತಂತ್ರಾಂಶವನ್ನು ಮತ್ತೆ ಕೂರಿಸಬೇಕು. ಡಿಟಿಪಿ ಅಂಗಡಿಯಾದರೆ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ಡಿಸ್ಕಿನಲ್ಲೇ ಇವೆ, ಆದರೆ ತೆರೆದರೆ ಅಕ್ಷರ ಓದಲಾಗುವುದಿಲ್ಲ. ವರ್ಷಗಟ್ಟಲೆ ಒಬ್ಬರು ತಮ್ಮ ಕೈಗೆ ಹೊಂದಿಸಿಕೊಂಡಿದ್ದ ಯಂತ್ರ ಅಪರಿಚಿತವಾಗಿ ವಾಪಸು ಬಂದಿರುತ್ತದೆ.

ಇಷ್ಟಕ್ಕೆಲ್ಲ ಕಾರಣ ಎಷ್ಟೋ ಸಲ ಒಂದೆರಡು ಕಡತಗಳು ಮಾತ್ರ. ಹತ್ತಿಪ್ಪತ್ತು ಎಂಬಿಯಿಂದ ಹೆಚ್ಚೆಂದರೆ ನೂರಿನ್ನೂರು ಎಂಬಿ ತೂಗುವ, ಯಂತ್ರದ ಸೆಟ್ಟಿಂಗುಗಳನ್ನು ಹೊತ್ತ ಕಡತಗಳು. ಅವುಗಳ ಒಂದು ಒಳ್ಳೆಯ ಪ್ರತಿ ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಫಾರ್ಮ್ಯಾಟ್ ಎಂಬುದು ಕೊನೆಯ ಮದ್ದು. ನಮ್ಮ ಕಡೆ ಅದು ಮೊದಲ ಮದ್ದಾಗಿಬಿಟ್ಟಿದೆ. ಈ ಅಭ್ಯಾಸ ತಪ್ಪಬೇಕು ಎನ್ನುವುದಕ್ಕೆ ನನ್ನ ಬಳಿ ಕಾರಣಗಳಿವೆ.

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಜಾಗದ ಹೆಸರು ರಿಜಿಸ್ಟ್ರಿ. ಪರದೆಯ ಮೇಲೆ ಅದು ಕೊಂಬೆ ರೆಂಬೆಗಳ ಮರದಂತೆ ಕಂಡರೂ ಡಿಸ್ಕಿನಲ್ಲಿ ಇರುವುದು ಬೆರಳೆಣಿಕೆಯ ಕಡತಗಳಾಗಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಕಾನ್ಫಿಗ್. ಅಲ್ಲಿ ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್ ಎಂಬ ಐದು ಕಡತಗಳಿವೆ. ಯಾವ ಡ್ರೈವರ್ ಯಾವಾಗ ಏಳಬೇಕು ಎಂಬುದು ಸಿಸ್ಟಮ್‌ನಲ್ಲಿ. ಹಾಕಿಕೊಂಡ ತಂತ್ರಾಂಶಗಳ ಲೆಕ್ಕ, ಫಾಂಟುಗಳ ಪಟ್ಟಿ ಸಾಫ್ಟ್‌ವೇರ್‌ನಲ್ಲಿ. ಬಳಕೆದಾರರ ಹೆಸರು, ಪಾಸ್‌ವರ್ಡಿನ ಗುರುತು ಸ್ಯಾಮ್‌ನಲ್ಲಿ. ಇವುಗಳ ಹೊರಗೆ ಪ್ರತಿ ಬಳಕೆದಾರರಿಗೂ ಅವರವರ ಫೋಲ್ಡರಿನಲ್ಲಿ 'ಎನ್‌ಟಿಯೂಸರ್ ಡಾಟ್ ಡ್ಯಾಟ್' ಎಂಬ ಬಚ್ಚಿಟ್ಟ ಕಡತವೊಂದಿದೆ. ನಿಮ್ಮ ಕೀಲಿಮಣೆ, ಪರದೆಯ ಬಣ್ಣ, ಮೌಸಿನ ವೇಗ ಎಲ್ಲವೂ ಅಲ್ಲಿ.

ಇವು ಒಮ್ಮೆ ಬರೆದು ಮುಚ್ಚಿಡುವ ಕಡತಗಳಲ್ಲ. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳಿದ್ದ ಕಡತಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿ ಅಲ್ಲೇ ಮತ್ತೆ ಬರೆಯುತ್ತಿದ್ದರು. ರಿಜಿಸ್ಟ್ರಿಯೂ ಹಾಗೆ, ಇದ್ದ ಜಾಗದಲ್ಲೇ ದಿನವಿಡೀ ತಿದ್ದಿ ಬರೆಸಿಕೊಳ್ಳುತ್ತಿರುತ್ತದೆ. ಪೆನ್ ಡ್ರೈವ್ ಸಿಕ್ಕಿಸಿದರೆ ಒಂದು ಸಾಲು, ಪ್ರಿಂಟರ್ ಬದಲಿಸಿದರೆ ನಾಲ್ಕು ಸಾಲು. ಒರೆಸಿದ ಮೇಲೆ ಮೊದಲು ಏನಿತ್ತು ಎಂದು ಹೇಳಲು ಬೇರೆಡೆ ಪ್ರತಿ ಇರಲೇಬೇಕು.

ಮಲೆನಾಡಿನಲ್ಲಿ ಈ ತಿದ್ದಿ ಬರೆಯುವಿಕೆಯ ನಡುವೆಯೇ ಕರೆಂಟು ಹೋಗುತ್ತದೆ. ತಂತಿಯ ಮೇಲೆ ಮರ ಬಿತ್ತು, ಕಂಬ ವಾಲಿತು, ಮೆಸ್ಕಾಂ ಸಿಬ್ಬಂದಿ ಜಡಿಮಳೆಯಲ್ಲಿ ಕಾಡಿನ ನಡುವೆ ಲೈನ್ ಹುಡುಕುತ್ತಾ ಹೋಗಬೇಕು. ಅದು ಅವರ ತಪ್ಪಲ್ಲ. ಹೋಗಿದ್ದು ಹೋಗಿಯೇ ಇದ್ದರೆ ಕಂಪ್ಯೂಟರಿಗೆ ಅಷ್ಟು ಅಪಾಯವಿಲ್ಲ. ಹೋಗಿ, ಬಂದು, ಅರೆ ಕ್ಷಣದಲ್ಲಿ ಮತ್ತೆ ಹೋಗುವುದೇ ಕೆಟ್ಟದ್ದು. ಯಂತ್ರ ಏಳುವಾಗ ರಿಜಿಸ್ಟ್ರಿಗೆ ಬರೆಯುವ ಕೆಲಸ ಜೋರಾಗಿರುತ್ತದೆ; ಆಗಲೇ ಎರಡನೇ ಏಟು ಬೀಳುತ್ತದೆ. ವಿಂಡೋಸ್ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದೆ. ಬದಲಾವಣೆಯನ್ನು ಮೊದಲು ಪಕ್ಕದ ಲಾಗ್ ಕಡತದಲ್ಲಿ ಬರೆದು, ಆಮೇಲೆ ಮೂಲ ಕಡತಕ್ಕೆ ಇಳಿಸುತ್ತದೆ. ಅರ್ಧಕ್ಕೆ ನಿಂತರೆ ಲಾಗ್ ನೋಡಿ ಸರಿಪಡಿಸಿಕೊಳ್ಳುತ್ತದೆ. ಬಹಳ ಸಲ ಇದು ಕೆಲಸ ಮಾಡುತ್ತದೆ. ಆದರೆ 'ಬರೆದಾಯಿತು' ಎಂದು ಡಿಸ್ಕ್ ಹೇಳಿದ್ದು ಇನ್ನೂ ಅದರ ತಾತ್ಕಾಲಿಕ ಮೆಮೊರಿಯಲ್ಲೇ ಇದ್ದಾಗ ಕರೆಂಟು ಹೋದರೆ ಲಾಗ್ ಕೂಡ ಅರೆಬರೆಯಾಗುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಈ ಭಯ ಹೆಚ್ಚು.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ರಕ್ಷೆ, ಬ್ಯಾಟರಿಗೆ ಜೀವ ಇರುವವರೆಗೆ. ಡೆಸ್ಕ್‌ಟಾಪ್ ಇಟ್ಟುಕೊಂಡವರ ಮನೆಯಲ್ಲಿ ಯುಪಿಎಸ್ ಇರುತ್ತದೆ, ಆದರೆ ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿರುವುದಿಲ್ಲ. ಎರಡು ಮೂರು ವರ್ಷಕ್ಕೆ ಅದು ಕೈಕೊಡುವುದು ಸಹಜ. ಮಳೆ ಹಿಡಿಯುವ ಮುಂಚೆ ಒಮ್ಮೆ ಪರೀಕ್ಷೆ ಮಾಡಬೇಕು: ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್‌ಗೆ ಕಂಪ್ಯೂಟರಿನಷ್ಟೇ ವಿದ್ಯುತ್ ಎಳೆಯುವ ಬಲ್ಬು ಸಿಕ್ಕಿಸಿ, ಗೋಡೆಯ ಸ್ವಿಚ್ ತೆಗೆಯಿರಿ. ಬಲ್ಬು ಐದು ನಿಮಿಷ ಉರಿದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಲು ಸಮಯ ಸಿಗುತ್ತದೆ. ಮನೆಗಿಡೀ ಇನ್ವರ್ಟರ್ ಇದೆ, ಇನ್ನೇನು ಚಿಂತೆ ಎನ್ನುವವರೂ ಅದರ ಮೇಲೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ಎಂದು ನೋಡಲಿ. ಆ ಮೋಡಿನಲ್ಲಿ ಇಲ್ಲದಿದ್ದರೆ ಇನ್ವರ್ಟರ್ ಬದಲಾಗುವಷ್ಟರಲ್ಲಿ ದೀಪ ಕಣ್ಣು ಮಿಟುಕಿಸುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ತೋಟದ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿಕೊಂಡ ಮನೆಗಳಲ್ಲಿ ಹಳ್ಳದ ನೀರು ಏರಿಳಿದಂತೆ ವೋಲ್ಟೇಜೂ ಏರಿಳಿಯಬಹುದು. ಅಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇಲ್ಲದೆ ಆಗದು.

ಗುಡುಗು ಕೇಳಿದ ಕೂಡಲೇ ಎಲ್ಲ ಪ್ಲಗ್ ಕೀಳುವುದು ನಮ್ಮ ಕಡೆಯ ಹಳೆಯ ಎಚ್ಚರ. ಒಳ್ಳೆಯದೇ. ಆದರೆ ನಡೆಯುತ್ತಿರುವ ಕಂಪ್ಯೂಟರಿನ ಪ್ಲಗ್ ಕಿತ್ತರೆ ಕರೆಂಟು ಹೋದಷ್ಟೇ ಹಾನಿ. ಮೊದಲು ಶಟ್‌ಡೌನ್, ದೀಪ ಆರಿದ ಮೇಲೆ ಪ್ಲಗ್, ಜೊತೆಗೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಬೇಕು.

ಕನ್ನಡದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಫಾರ್ಮ್ಯಾಟಿನಲ್ಲಿ ನಾವು ಹೆಚ್ಚು ಕಳೆದುಕೊಳ್ಳುವುದು ಅದನ್ನೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಫಾಂಟಿನ ಹೆಸರು ತುಂಗಾ. ಶೃಂಗೇರಿಯ ಮೆಟ್ಟಿಲಿಗೆ ತಾಗಿ ಹರಿಯುವ ಹೊಳೆಯ ಹೆಸರನ್ನೇ ಹೊತ್ತ ಆ ಅಕ್ಷರಗಳಲ್ಲಿ ಎಷ್ಟೋ ಜನ ಮೊದಲ ಸಲ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಓದಿದರು. ಆಗಲೂ ಅದು ತಾನಾಗಿ ಬರುತ್ತಿರಲಿಲ್ಲ. ಪ್ರಾದೇಶಿಕ ಭಾಷೆಗಳ ಸೆಟ್ಟಿಂಗಿಗೆ ಹೋಗಿ ಗುರುತು ಹಾಕಿ, ಎಕ್ಸ್‌ಪಿಯ ಸಿಡಿ ತುರುಕಿ ಒಪ್ಪಿಗೆ ಕೊಡಬೇಕಿತ್ತು. ಈಗ ವಿಂಡೋಸ್ 10 ಮತ್ತು 11ರಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಎಂಬ ಫಾಂಟು ಮೊದಲೇ ಇದೆ, ತುಂಗಾ ಮಾತ್ರ ಐಚ್ಛಿಕ ಪಟ್ಟಿಗೆ ಸರಿದಿದೆ. ಹೊಸದಾಗಿ ಕೂರಿಸಿದ ಯಂತ್ರದಲ್ಲಿ ಹಳೆಯ ದಾಖಲೆಯ ಸಾಲುಗಳು ಹಿಗ್ಗಿ ಪುಟ ಮುರಿದರೆ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಹುಡುಕಿ ಹಾಕಿಕೊಂಡರೆ ತುಂಗಾ ಮತ್ತೆ ಬರುತ್ತದೆ.

ನುಡಿ, ಬರಹ, ಶ್ರೀಲಿಪಿಗಳಲ್ಲಿ ಬರೆದಿಟ್ಟ ಹಳೆಯ ದಾಖಲೆಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲು ಯೂನಿಕೋಡ್ ಅಲ್ಲ. 'ನುಡಿ 01 ಇ' ಫಾಂಟು ಇಲ್ಲದ ಯಂತ್ರದಲ್ಲಿ ಗ್ರಾಮಸಭೆಯ ನಡಾವಳಿ ತೆರೆದರೆ ಕಾಣುವುದು ಟೋಪಿ ಬಾಲ ಸಿಕ್ಕಿಸಿಕೊಂಡ ಯುರೋಪಿನ ಅಕ್ಷರಗಳ ಕಲಸುಮೇಲೋಗರ. ದಾಖಲೆ ಕೆಟ್ಟಿಲ್ಲ, ಅದನ್ನು ಕನ್ನಡವಾಗಿ ತೋರಿಸುವ ಫಾಂಟು ಹೋಗಿದೆ ಅಷ್ಟೆ. ಫಾಂಟು ಎರಡು ಕಡೆ ಬದುಕಿರುತ್ತದೆ: ಫಾಂಟ್ಸ್ ಫೋಲ್ಡರಿನಲ್ಲಿ ಕಡತವಾಗಿ, ರಿಜಿಸ್ಟ್ರಿಯಲ್ಲಿ ಹೆಸರಾಗಿ. ಹಾಗಾಗಿ ಡಿಟಿಪಿ ಅಂಗಡಿಯವರು, ಪಂಚಾಯಿತಿಯ ಕೆಲಸ ಮಾಡುವವರು ಯಂತ್ರ ಚೆನ್ನಾಗಿರುವಾಗಲೇ ಕನ್ನಡ ಫಾಂಟುಗಳನ್ನೂ ಅವುಗಳ ತಂತ್ರಾಂಶದ ಸೆಟಪ್ ಕಡತವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಹಳೆಯ ಆವೃತ್ತಿಯ ಸೆಟಪ್ ಬೇಕೆಂದಾಗಲೆಲ್ಲ ಸಿಕ್ಕುತ್ತದೆ ಎಂಬ ಖಾತ್ರಿ ಇಲ್ಲ. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಬಡಿದಾಡಿದರು ಎಂಬುದು ಓದುಗರಿಗೆ ಗೊತ್ತೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅಂಥವರ ಶ್ರಮದಿಂದ ಯಂತ್ರದೊಳಗೆ ಕೂತ ಕನ್ನಡವನ್ನು ಒಂದು ಮಧ್ಯಾಹ್ನದ ಫಾರ್ಮ್ಯಾಟಿನಲ್ಲಿ ಅಳಿಸಿಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಉದಾಹರಣೆ ಅಡಿಕೆ ಮಂಡಿಗಳಿಂದ, ಗೊಬ್ಬರದ ಅಂಗಡಿಗಳಿಂದ. ಅಲ್ಲೆಲ್ಲ ಲೆಕ್ಕ ಇರುವುದು ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯಲ್ಲಿ. ಮಾರ್ಚ್ ಕೊನೆಯ ಭರಾಟೆಯಲ್ಲಿ ಒಂದು ಬೆಳಿಗ್ಗೆ ಟ್ಯಾಲಿ ತೆರೆದರೆ ಪಟ್ಟಿಯಲ್ಲಿ ಕಂಪನಿಯೇ ಇಲ್ಲ! ವರ್ಷದ ಲೆಕ್ಕ ಹೋಯಿತೆಂದು ಎದೆ ಧಸಕ್ಕೆನ್ನುತ್ತದೆ. ಅಲ್ಲಿ ನೋಡಬೇಕಾದ್ದು 'ಟ್ಯಾಲಿ ಡಾಟ್ ಐಎನ್‌ಐ' ಎಂಬ ಚಿಕ್ಕ ಕಡತವನ್ನು. ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಅದರಲ್ಲಿ ಡೇಟಾ ಎಂದು ಶುರುವಾಗುವ ಸಾಲೊಂದು ಲೆಕ್ಕದ ಫೋಲ್ಡರ್ ಎಲ್ಲಿದೆ ಎಂದು ಹೇಳುತ್ತದೆ. ತಂತ್ರಾಂಶವನ್ನು ಮತ್ತೆ ಹಾಕಿದಾಗಲೋ ಕರೆಂಟು ಹೋಗಿ ಕಡತ ಖಾಲಿಯಾದಾಗಲೋ ಆ ಸಾಲು ಹಳೆಯ ಜಾಗ ಬಿಟ್ಟು ಬೇರೆಡೆ ತೋರಿಸುತ್ತಿರುತ್ತದೆ. ಲೆಕ್ಕದ ಫೋಲ್ಡರ್ ಡಿ ಡ್ರೈವಿನಲ್ಲಿ ಸುಖವಾಗಿ ಇರುತ್ತದೆ. ಸಾಲು ತಿದ್ದಿದರೆ ಕಂಪನಿ ವಾಪಸು. ಇದು ಗೊತ್ತಿಲ್ಲದೆ ಫಾರ್ಮ್ಯಾಟ್ ಹೊಡೆಸಿ, ಆ ಭರದಲ್ಲಿ ಡಿ ಡ್ರೈವನ್ನೂ ಅಳಿಸಿಬಿಟ್ಟರೆ ನಿಜವಾದ ನಷ್ಟ ಆಗಲೇ ಆಗುವುದು. ಪ್ರಾಥಮಿಕ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ದೇಶದ 63,000 ಸಂಘಗಳಿಗೆ. ಹಳ್ಳಿಯ ಸೊಸೈಟಿಯ ಗುಮಾಸ್ತರು ಕೂಡ ಇನ್ನು ಮುಂದೆ ಇಂಥ ಪುಟ್ಟ ಕಡತಗಳನ್ನು ಗುರುತಿಸಬಲ್ಲವರಾಗಬೇಕು.

ಹಾಗಾದರೆ ವಿಂಡೋಸ್ ತಾನೇ ಒಂದು ಪ್ರತಿ ಇಟ್ಟುಕೊಳ್ಳುವುದಿಲ್ಲವೇ? ಒಂದು ಕಾಲದಲ್ಲಿ ಇಟ್ಟುಕೊಳ್ಳುತ್ತಿತ್ತು. ವಿಂಡೋಸ್ 98 ದಿನದ ಮೊದಲ ಸಲ ಎದ್ದಾಗ ರಿಜಿಸ್ಟ್ರಿಯನ್ನು ಪರೀಕ್ಷಿಸಿ, ಅದರ ಎರಡು ಕಡತಗಳ ಜೊತೆಗೆ ಸಿಸ್ಟಮ್ ಐಎನ್‌ಐ, ವಿನ್ ಐಎನ್‌ಐಗಳನ್ನೂ ಕಟ್ಟಿ ಒಂದು ಗಂಟು ಮಾಡಿ ತೆಗೆದಿಡುತ್ತಿತ್ತು. ಹೀಗೆ ಐದು ಗಂಟು. ಯಂತ್ರ ಏಳದಿದ್ದರೆ ಕಪ್ಪು ಪರದೆಯಲ್ಲಿ 'ಸ್ಕ್ಯಾನ್‌ರೆಗ್ ರಿಸ್ಟೋರ್' ಎಂದು ಒತ್ತಿದರೆ ಐದೂ ತಾರೀಖುಗಳು ಎದುರು ಬರುತ್ತಿದ್ದವು, ಒಂದನ್ನು ಆರಿಸಿದರೆ ಮುಗಿಯಿತು. ಆಮೇಲಿನ ವಿಂಡೋಸ್‌ಗಳಲ್ಲೂ ಕಾನ್ಫಿಗ್ ಫೋಲ್ಡರಿನೊಳಗೆ ರೆಗ್‌ಬ್ಯಾಕ್ ಎಂಬ ಒಳಫೋಲ್ಡರಿನಲ್ಲಿ ಐದೂ ಕಡತಗಳ ಪ್ರತಿ ಇರುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಅದು ನಿಂತಿತು. ಡಿಸ್ಕಿನ ಜಾಗ ಉಳಿಸಲು ಹೀಗೆ ಮಾಡಿದ್ದಾಗಿ ಮೈಕ್ರೋಸಾಫ್ಟ್ ಹೇಳುತ್ತದೆ. ಈಗ ರೆಗ್‌ಬ್ಯಾಕ್ ತೆರೆದು ನೋಡಿದರೆ ಕಡತಗಳ ಹೆಸರು ಇರುತ್ತದೆ, ಗಾತ್ರ ಸೊನ್ನೆ. ಪ್ರತಿ ತೆಗೆಯುವ ಕೆಲಸ 'ಯಶಸ್ವಿಯಾಯಿತು' ಎಂದು ವೇಳಾಪಟ್ಟಿಯಲ್ಲಿ ದಾಖಲಾಗುತ್ತದೆ, ಪ್ರತಿ ಮಾತ್ರ ಇಲ್ಲ. ಇದು ನನಗೆ ಒಪ್ಪಿಗೆಯಾಗದ ತೀರ್ಮಾನ. ಐನೂರು ಜಿಬಿಯ ಡಿಸ್ಕಿನಲ್ಲಿ ಇನ್ನೂರು ಎಂಬಿ ಉಳಿಸಲು ಹೋಗಿ ಸಾಮಾನ್ಯ ಬಳಕೆದಾರರ ಕೊನೆಯ ಆಸರೆಯನ್ನು ಕಿತ್ತುಕೊಂಡಂತಾಯಿತು.

ಈಗ ಉಳಿದಿರುವುದು ಸಿಸ್ಟಮ್ ರಿಸ್ಟೋರ್. ಅದು ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಬಂದಿರುತ್ತದೆ. ಸ್ಟಾರ್ಟ್ ಒತ್ತಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ. ಬರುವ ಪೆಟ್ಟಿಗೆಯಲ್ಲಿ ಸಿ ಡ್ರೈವಿನ ಎದುರು ಆಫ್ ಎಂದಿದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ, ಡಿಸ್ಕಿನ ಶೇ 5ರಷ್ಟು ಜಾಗ ಕೊಡಿ. ಆಮೇಲೆ ಕ್ರಿಯೇಟ್ ಒತ್ತಿ ಇವತ್ತಿನ ತಾರೀಖಿನ ಒಂದು ಬಿಂದು ಮಾಡಿ. ಅಷ್ಟೇ ಕೆಲಸ. ಮುಂದೆ ಆ ಬಿಂದುವಿಗೆ ಹಿಂದಿರುಗಿದರೆ ರಿಜಿಸ್ಟ್ರಿ, ಡ್ರೈವರ್, ವಿಂಡೋಸಿನ ಕಡತಗಳು ಆ ದಿನದ ಸ್ಥಿತಿಗೆ ಬರುತ್ತವೆ, ನಿಮ್ಮ ಫೋಟೊ, ಪತ್ರಗಳನ್ನು ಅದು ಮುಟ್ಟುವುದಿಲ್ಲ. ಹೊಸ ಪ್ರಿಂಟರ್ ಹಾಕುವ ಮುಂಚೆ, ಗೊತ್ತಿಲ್ಲದ ತಂತ್ರಾಂಶ ಪ್ರಯೋಗಿಸುವ ಮುಂಚೆ ಒಂದು ಬಿಂದು ಮಾಡುವ ರೂಢಿ ಇರಲಿ. ಈ ಬಿಂದುಗಳು ಶಾಶ್ವತವಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 60 ದಿನ ದಾಟಿದವು ಅಳಿಯುತ್ತವೆ, ಯುಗಾದಿಗೆ ಮಾಡಿದ್ದನ್ನು ದೀಪಾವಳಿಗೆ ನಂಬಿ ಕೂರುವಂತಿಲ್ಲ.

ಯಂತ್ರ ಏಳದೇ ಹೋದ ದಿನ ಏನು ಮಾಡಬೇಕು? ಮೊದಲು ನೀಲಿ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಲ್ಲಿ ಸ್ಟಾಪ್ ಕೋಡ್ ಎಂದು ಒಂದು ಸಾಲಿರುತ್ತದೆ. 'ಬ್ಯಾಡ್ ಸಿಸ್ಟಮ್ ಕಾನ್ಫಿಗ್ ಇನ್ಫೊ' ಎಂದಿದ್ದರೆ ಕೆಟ್ಟಿರುವುದು ಬಹುತೇಕ ರಿಜಿಸ್ಟ್ರಿಯೇ. ಏಳುವ ಹೊತ್ತಿಗೆ ಎರಡು ಮೂರು ಸಲ ಮುಗ್ಗರಿಸಿದರೆ ವಿಂಡೋಸ್ ತಾನೇ ರಿಪೇರಿಯ ಪರದೆಗೆ ಕರೆದೊಯ್ಯುತ್ತದೆ. ಇಲ್ಲದಿದ್ದರೆ ವಿಂಡೋಸ್ ಹಾಕುವ ಪೆನ್ ಡ್ರೈವಿನಿಂದ ಏಳಿಸಿ 'ರಿಪೇರ್ ಯುವರ್ ಕಂಪ್ಯೂಟರ್' ಒತ್ತಬೇಕು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಮ್ ರಿಸ್ಟೋರ್. ಕರೆಂಟು ಕೈಕೊಟ್ಟ ದಿನಕ್ಕಿಂತ ಹಿಂದಿನ ತಾರೀಖು ಆರಿಸಿ ಕಾಯಿರಿ. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.

ಬಿಂದುವೇ ಇಲ್ಲದಿದ್ದರೆ ಅದೇ ಪಟ್ಟಿಯಲ್ಲಿರುವ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಕಪ್ಪು ಪರದೆ ಕಂಡು ಅಂಜುವುದು ಬೇಡ. ಅಲ್ಲಿ ನೋಟ್‌ಪ್ಯಾಡ್ ಎಂದು ಬರೆದು ಎಂಟರ್ ಒತ್ತಿ. ನಮ್ಮ ಪರಿಚಿತ ನೋಟ್‌ಪ್ಯಾಡ್ ತೆರೆಯುತ್ತದೆ. ಫೈಲ್‌ನಲ್ಲಿ ಓಪನ್ ಒತ್ತಿ, ಕೆಳಗೆ ಎಲ್ಲ ಬಗೆಯ ಕಡತಗಳು ಕಾಣುವಂತೆ ಆರಿಸಿಕೊಂಡರೆ ಇಡೀ ಡಿಸ್ಕು ಕಣ್ಣೆದುರು ಇರುತ್ತದೆ. ಪೆನ್ ಡ್ರೈವ್ ಸಿಕ್ಕಿಸಿ, ಬೇಕಾದ ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ ಕಾಪಿ, ಪೆನ್ ಡ್ರೈವಿನಲ್ಲಿ ಪೇಸ್ಟ್. ಪರದೆಯ ಮೇಲೆ ನಕಲಾಗುತ್ತಿರುವ ಗುರುತೇನೂ ಕಾಣದಿದ್ದರೂ ಕೆಲಸ ನಡೆಯುತ್ತಿರುತ್ತದೆ, ತಾಳ್ಮೆ ಬೇಕು. ಇಲ್ಲಿ ಡ್ರೈವುಗಳ ಅಕ್ಷರ ಅದಲುಬದಲಾಗಿರಬಹುದು. ನಿಮ್ಮ ಸಿ ಡ್ರೈವು ಡಿ ಎಂದು ಕಾಣಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಎಂದು ನೋಡಿ ಖಾತ್ರಿ ಮಾಡಿಕೊಳ್ಳಿ. ಹೀಗೆ ಮೊದಲು ನಿಮ್ಮ ಕಾಗದಪತ್ರಗಳನ್ನು, ಆಮೇಲೆ ಕಾನ್ಫಿಗ್ ಫೋಲ್ಡರನ್ನು ಇಡಿಯಾಗಿ ಹೊರಗೆ ತೆಗೆದಿಡಿ. ಕೆಟ್ಟಿರುವ ರಿಜಿಸ್ಟ್ರಿಯೇ ಆದರೂ ಅದರ ಪ್ರತಿ ಇರಲಿ, ಬಲ್ಲವರು ಅದರಿಂದಲೂ ಒಂದಿಷ್ಟು ಹೆಕ್ಕಿ ಕೊಡುತ್ತಾರೆ. ನೀವೇ ಹಿಂದೆ ಎಂದಾದರೂ ಕಾನ್ಫಿಗ್ ಕಡತಗಳ ಒಳ್ಳೆಯ ಪ್ರತಿ ತೆಗೆದಿಟ್ಟಿದ್ದರೆ ಐದನ್ನೂ ಒಟ್ಟಿಗೆ, ಒಂದೇ ದಿನದವನ್ನು, ಮತ್ತೆ ಆ ಜಾಗಕ್ಕೆ ಹಾಕುವುದೂ ಇಲ್ಲಿಂದಲೇ. ವಿಂಡೋಸ್ ನಡೆಯುತ್ತಿರುವಾಗ ಆ ಕಡತಗಳು ಬೀಗ ಹಾಕಿಕೊಂಡಿರುತ್ತವೆ.

'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಎಂಬ ಆದೇಶವನ್ನು ಎಲ್ಲ ರೋಗಕ್ಕೂ ಹೇಳುವವರಿದ್ದಾರೆ. ಅದು ವಿಂಡೋಸಿನ ಮೂಲ ಕಡತಗಳು ತಿರುಚಿಹೋಗಿದ್ದರೆ ತನ್ನ ಉಗ್ರಾಣದಿಂದ ಒಳ್ಳೆಯ ಪ್ರತಿ ತಂದು ಕೂರಿಸುತ್ತದೆ. ನಿಮ್ಮ ಸೆಟ್ಟಿಂಗುಗಳನ್ನು ಅದು ವಾಪಸು ತರದು. ಯಂತ್ರ ಹೇಗೋ ಏಳುತ್ತದೆ ಆದರೆ ಒಳಗೆಲ್ಲ ಅಸ್ತವ್ಯಸ್ತ ಎಂದಾದರೆ ಮತ್ತೊಂದು ದಾರಿಯಿದೆ: ವಿಂಡೋಸ್ ಒಳಗಿನಿಂದಲೇ ಅದೇ ಆವೃತ್ತಿಯ ಸೆಟಪ್ ನಡೆಸಿ 'ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸು' ಎಂಬುದನ್ನು ಆರಿಸುವುದು. ಒಂದೆರಡು ಗಂಟೆ ಹಿಡಿಯುತ್ತದೆ, ನುಡಿಯೂ ಟ್ಯಾಲಿಯೂ ಪ್ರಿಂಟರೂ ಇದ್ದಲ್ಲೇ ಇರುತ್ತವೆ. ಅಂಗಡಿಯವರನ್ನು ಇದನ್ನೇ ಕೇಳಿ, ಫಾರ್ಮ್ಯಾಟ್ ಬೇಡ ಎನ್ನಿ. ಫಾರ್ಮ್ಯಾಟಿನಷ್ಟೇ ಕೂಲಿ ಕೊಟ್ಟರೂ ನಿಮಗೇ ಲಾಭ.

ಸೆಟ್ಟಿಂಗ್ ಕೆಡುವುದಕ್ಕೆ ಕರೆಂಟೊಂದೇ ಕಾರಣವಲ್ಲ, ನಮ್ಮ ಕೈಯೂ ಕಾರಣ. 2001ರಲ್ಲಿ ಲೋಕದ ತುಂಬ ಒಂದು ಇಮೇಲ್ ಹರಿದಾಡಿತು: 'ಎಸ್‌ಯುಎಲ್‌ಎಫ್‌ಎನ್‌ಬಿಕೆ' ಎಂಬ ಕಡತ ನಿಮ್ಮ ಯಂತ್ರದಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ. ಅದು ವಿಂಡೋಸಿನದೇ ಕಡತವಾಗಿತ್ತು, ಉದ್ದ ಹೆಸರಿನ ಕಡತಗಳನ್ನು ಕಾಪಾಡುವ ಸಾಧನ. ಹುಡುಕಿದವರಿಗೆಲ್ಲ ಸಿಕ್ಕಿತು, ಹೆದರಿ ಅಳಿಸಿದರು. ಮರುವರ್ಷ ಕರಡಿಮರಿಯ ಚಿತ್ರವಿದ್ದ ಇನ್ನೊಂದು ಕಡತದ ಮೇಲೆ ಇದೇ ಪುಕಾರು. ಈಗ ಇಂಥದ್ದು ವಾಟ್ಸ್‌ಆ್ಯಪಿನಲ್ಲಿ, ಯೂಟ್ಯೂಬಿನಲ್ಲಿ ಬರುತ್ತದೆ: ರಿಜಿಸ್ಟ್ರಿಯಲ್ಲಿ ಈ ಸಾಲು ಅಳಿಸಿದರೆ ವೇಗ ಹೆಚ್ಚುತ್ತದೆ, ಈ ಕ್ಲೀನರ್ ಹಾಕಿ. ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅವು ಯಂತ್ರವನ್ನು ವೇಗಗೊಳಿಸಿದ್ದನ್ನು ನಾನಂತೂ ಕಂಡಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಇನ್ನೂ ಅಪಾಯ. ಅದನ್ನು ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಲು ಹೇಳುತ್ತಾರಲ್ಲ, ಆಗಲೇ ಒಳಗೆ ಯಾವ ಸೆಟ್ಟಿಂಗ್ ತಿರುಚಲ್ಪಟ್ಟಿತು ಎಂದು ಹೇಳಬಲ್ಲವರಿಲ್ಲ.

ಇದಕ್ಕೆಲ್ಲ ಅತ್ಯಂತ ಸರಳವಾದ ತಡೆಯೊಂದಿದೆ, ಕಾಸೂ ಖರ್ಚಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಎರಡು ಖಾತೆ ಇರಲಿ. ಅಡ್ಮಿನಿಸ್ಟ್ರೇಟರ್ ಖಾತೆ ಒಂದು, ಅದರ ಪಾಸ್‌ವರ್ಡ್ ಮನೆಯ ಜವಾಬ್ದಾರರ ಬಳಿ. ದಿನದ ಕೆಲಸಕ್ಕೆ, ಮಕ್ಕಳಿಗೆ ಸ್ಟ್ಯಾಂಡರ್ಡ್ ಖಾತೆ. ಈ ಖಾತೆಯಲ್ಲಿ ಕೂತವರು ಏನೇ ಒತ್ತಿದರೂ ಕಾನ್ಫಿಗ್ ಫೋಲ್ಡರಾಗಲಿ, ಇಂಟರ್‌ನೆಟ್ ವಿಳಾಸಗಳನ್ನು ದಾರಿ ತಪ್ಪಿಸಬಲ್ಲ ಹೋಸ್ಟ್ಸ್ ಕಡತವಾಗಲಿ ಸುಲಭಕ್ಕೆ ಬದಲಾಗದು.

ಒಂದು ಕಾನ್ಫಿಗರೇಶನ್ ಕಡತ ಎಷ್ಟು ದೂರ ಉರುಳಿಸಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು. ಆಷಾಢದ ಶುಕ್ರವಾರ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ಯಂತ್ರಗಳಿಗೆ 291ನೇ ಸಂಖ್ಯೆಯ ಪುಟ್ಟ ಕಡತವೊಂದನ್ನು ಕಳಿಸಿತು. ಅದನ್ನು ಓದುವ ತಂತ್ರಾಂಶ ಕಾಯುತ್ತಿದ್ದುದು 20 ಮೌಲ್ಯಗಳಿಗೆ, ಕಡತ 21ನೆಯದನ್ನು ಕೇಳಿತು. ಒಂದೂವರೆ ಗಂಟೆಯೊಳಗೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಲುಗಳು ಬೆಳೆದವು, ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರವಾಗಿ ಫಾರ್ಮ್ಯಾಟ್ ಹೊಡೆಯಬೇಕಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸೇಫ್ ಮೋಡಿನಲ್ಲಿ ಎದ್ದು ಆ ಒಂದು ಕಡತ ಅಳಿಸಿದರೆ ಸಾಕಿತ್ತು. ಮುಂದಿನ ವರ್ಷ ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಕ್ವಿಕ್ ಮಷೀನ್ ರಿಕವರಿ ಎಂಬುದನ್ನು ಸೇರಿಸಿತು. ಏಳದ ಯಂತ್ರ ರಿಪೇರಿ ಪರದೆಯಿಂದಲೇ ಇಂಟರ್‌ನೆಟ್ ಹಿಡಿದು ಮದ್ದು ತರಿಸಿಕೊಳ್ಳುವ ವ್ಯವಸ್ಥೆ ಅದು.

ಆ ದಿನ ಎಷ್ಟೋ ಕಚೇರಿಗಳು ಸಿಕ್ಕಿಬಿದ್ದದ್ದು ಬಿಟ್‌ಲಾಕರ್ ಬಾಗಿಲಲ್ಲಿ. ಡಿಸ್ಕಿಗೆ ಬೀಗವಿತ್ತು, ಬೀಗದ ಕೀಲಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇದು ಈಗ ನಮ್ಮ ಮನೆಯ ಮಾತೂ ಹೌದು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ರಿಪೇರಿ ಪರದೆಯಲ್ಲಿ 48 ಅಂಕಿಗಳ ಕೀಲಿ ಕೇಳುತ್ತದೆ. ಅದು ಇರುವುದು ಆ ಖಾತೆಯಲ್ಲಿ. ಖಾತೆ ಮಾಡಿದ್ದು ಅಂಗಡಿಯ ಹುಡುಗನ ಇಮೇಲಿನಲ್ಲಾದರೆ ಕೀಲಿಯೂ ಅಲ್ಲೇ. ಇವತ್ತೇ ಅದನ್ನು ತೆರೆದು, ಕಾಗದದ ಮೇಲೆ ಬರೆದು, ಜಮೀನಿನ ಪತ್ರಗಳ ಜೊತೆ ಇಟ್ಟುಬಿಡಿ.

ರಿಸ್ಟೋರ್ ಬಿಂದುಗಳೆಲ್ಲ ಅದೇ ಡಿಸ್ಕಿನಲ್ಲಿ ಇರುವುದರಿಂದ ಡಿಸ್ಕ್ ಸತ್ತರೆ ಅವೂ ಸತ್ತವು. ಹಣ ಕೇಳುವ ವೈರಸ್‌ಗಳು ಮೊದಲು ಅಳಿಸುವುದೂ ಅವನ್ನೇ. ಆದ್ದರಿಂದ ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಂದು, ಕೊಯ್ಲಿನ ಲೆಕ್ಕಕ್ಕೆ ಮುಂಚೆ ಒಂದು, ಇಡೀ ಸಿ ಡ್ರೈವಿನ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆಯುವುದು ಒಳ್ಳೆಯದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ 7ರ ಕಾಲದ ಬ್ಯಾಕಪ್ ಸಾಧನ ಈಗಲೂ ಇದೆ, ಉಚಿತವಾದ ಕ್ಲೋನ್‌ಜಿಲ್ಲಾ ಕೂಡ ಇದೆ. ಪ್ರತಿ ತೆಗೆದ ಮೇಲೆ ಡಿಸ್ಕನ್ನು ಕಿತ್ತಿಡಬೇಕು, ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೂ ವೈರಸ್ಸಿಗೂ ಎರಡೂ ಒಟ್ಟಿಗೆ ತುತ್ತು. ನಮ್ಮ ಕಡೆಯ ತೇವಕ್ಕೆ ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಪೊಟ್ಟಣ.

ಲಿನಕ್ಸ್ ಬಳಸುವವರ ಪಾಡು ಸಲೀಸು. ಅಲ್ಲಿ ವ್ಯವಸ್ಥೆಯ ಸೆಟ್ಟಿಂಗುಗಳೆಲ್ಲ ಇಟಿಸಿ ಎಂಬ ಒಂದೇ ಫೋಲ್ಡರಿನಲ್ಲಿ, ಹೆಚ್ಚಿನವು ಓದಬಲ್ಲ ಪಠ್ಯವಾಗಿ ಇರುತ್ತವೆ. ತಿದ್ದುವ ಮುನ್ನ ಪಕ್ಕದಲ್ಲೊಂದು ನಕಲು ಮಾಡಿದರೆ ಅರ್ಧ ರಕ್ಷಣೆ ಆಯಿತು, ಉಳಿದರ್ಧಕ್ಕೆ ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಸಾಧನ ಇದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಮೂರು ತಾಲ್ಲೂಕುಗಳ ಅಂಗಡಿ, ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯಿದೆ. ಯಂತ್ರದ ಸೆಟ್ಟಿಂಗುಗಳನ್ನು ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದವರಿಗೆ ಅದು ಉಚಿತ. 11ಕ್ಕೆ ಏರಲು ಹೊರಟವರು ಮೊದಲು ಯಂತ್ರ ಅದಕ್ಕೆ ತಕ್ಕುದೇ ಎಂದು ನೋಡಿ, ಸಿ ಡ್ರೈವಿನ ಪ್ರತಿ ತೆಗೆದು, ನುಡಿಯ ಫಾಂಟು, ಟ್ಯಾಲಿಯ ಐಎನ್‌ಐ, ಪ್ರಿಂಟರಿನ ಡ್ರೈವರ್ ಮೂರನ್ನೂ ಪೆನ್ ಡ್ರೈವಿಗೆ ಹಾಕಿಕೊಂಡು ಕೂರಲಿ. ಅಂಗಡಿಗೆ ಕೊಡುವುದಾದರೆ ಚೀಟಿಯಲ್ಲಿ ಬರೆದು ಕೊಡಲಿ: ಡಿ ಡ್ರೈವ್ ಮುಟ್ಟಬಾರದು, ತಂತ್ರಾಂಶಗಳನ್ನು ಉಳಿಸಿಕೊಂಡು ಏರಿಸಬೇಕು, ಆಗದಿದ್ದರೆ ಏನೂ ಮಾಡದೆ ಫೋನ್ ಮಾಡಬೇಕು.